ಹಸು ತಿಂದ ಸ್ಕೂಲು, ಉಳಿದುಕೊಂಡ ಚರ್ಚು

ಅಮೆರಿಕದ ನೆಬ್ರಾಸ್ಕ ರಾಜ್ಯದ ಪಶ್ಚಿಮಕ್ಕೆ ಬೇಯರ್ಡ್ ಅನ್ನೋ ಪುಟ್ಟ ಊರಿದೆ. 1896-97ರ ಸುಮಾರಿಗೆ ಆ ಊರಿನ ಹತ್ತಿರ ಒಂದೇ ಕೋಣೆಯ ಸ್ಕೂಲೊಂದನ್ನು ಕಟ್ಟಿದರು. ಗೋಡೆಗೆ ಕಲ್ಲಿಲ್ಲ, ಇಟ್ಟಿಗೆಯಿಲ್ಲ, ಮರವೂ ಇಲ್ಲ. ಒಣಹುಲ್ಲನ್ನು ಮೆಷಿನ್ನಲ್ಲಿ ಒತ್ತಿ ಬಿಗಿದ ದೊಡ್ಡ ದೊಡ್ಡ ಕಟ್ಟುಗಳನ್ನೇ ಇಟ್ಟಿಗೆ ಥರ ಪೇರಿಸಿ ಗೋಡೆ ಎಬ್ಬಿಸಿದ್ದರು. ಗೋಡೆಗೆ ಮಣ್ಣು ಮೆತ್ತಲಿಲ್ಲ, ಸುತ್ತ ಬೇಲಿನೂ ಹಾಕಲಿಲ್ಲ. 1902ರ ಹೊತ್ತಿಗೆ ನೋಡಿದರೆ ಸ್ಕೂಲೇ ಇಲ್ಲ. ಹಸುಗಳು ತಿಂದು ಮುಗಿಸಿದ್ದವು.

ಹುಲ್ಲಿನ ಬೇಲ್‌ಗಳಿಂದ ಕಟ್ಟಿದ ಕಟ್ಟಡಗಳಲ್ಲಿ ದಾಖಲೆಗೆ ಸಿಕ್ಕಿರೋ ಮೊದಲನೆಯದು ಇದೇ. ಮನೆ ಕಟ್ಟೋ ಒಂದು ವಿಧಾನದ ಇತಿಹಾಸ ಇಷ್ಟು ನಗೆಪಾಟಲಾಗಿ ಶುರುವಾದದ್ದು ಬೇರೆಲ್ಲಾದರೂ ಉಂಟೋ ನಾ ಕಾಣೆ. ಆದರೆ ಅದೇ ನೆಬ್ರಾಸ್ಕದ ಆರ್ಥರ್ ಅನ್ನೋ ಇನ್ನೊಂದು ಊರಲ್ಲಿ 1928ರಲ್ಲಿ ಹುಲ್ಲಿನ ಬೇಲ್‌ನಲ್ಲೇ ಒಂದು ಚರ್ಚು ಕಟ್ಟಿದರು. ಪಿಲ್‌ಗ್ರಿಮ್ ಹೋಲಿನೆಸ್ ಚರ್ಚ್ ಅಂತ ಅದರ ಹೆಸರು. ಅದು ಇವತ್ತಿಗೂ ನಿಂತಿದೆ. 1979ರಲ್ಲಿ ಅದನ್ನು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿಸಿದರು.

ಒಂದೇ ರಾಜ್ಯ, ಒಂದೇ ವಿದ್ಯೆ. ಒಂದನ್ನು ಐದಾರು ವರ್ಷದಲ್ಲಿ ದನ ತಿಂದವು, ಇನ್ನೊಂದು ತೊಂಬತ್ತು ವರ್ಷ ದಾಟಿತು. ಈ ಮೂವತ್ತು ವರ್ಷದಲ್ಲಿ ಜನ ಏನು ಕಲಿತರು ಅನ್ನೋದು ಒಂದು ಕಥೆ. ಆಮೇಲೆ ಆ ವಿದ್ಯೆ ಮರೆತೇಹೋಗಿ, ಮತ್ತೆ ಚಿಗುರಿ, ಕಟ್ಟಡ ನಿಯಮಗಳ ಪುಸ್ತಕದೊಳಗೆ ಬಂದು ಕೂತದ್ದು ಇನ್ನೊಂದು ಕಥೆ. ಹಳ್ಳಿಯಲ್ಲಿ ಬೆಳೆದು, ಬಿ.ಇ. ಮಾಡಿ, ಬೆಂಗಳೂರಲ್ಲಿ ಕೋಡ್ ಬರೆಯೋ ನನ್ನಂಥವನಿಗೆ ಎರಡನೇ ಕಥೆಯೇ ಹೆಚ್ಚು ಮುಖ್ಯ ಅನ್ನಿಸುತ್ತೆ.

ಮೊದಲು ಹುಲ್ಲಿನ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ 'ಹೇ' ಬೇರೆ, 'ಸ್ಟ್ರಾ' ಬೇರೆ. ಹುಲ್ಲುಗಾವಲಿನ ಹುಲ್ಲನ್ನು ದನಕ್ಕೆ ಅಂತಲೇ ಕೊಯ್ದು ಒಣಗಿಸಿದ್ದು ಹೇ. ಗೋಧಿ, ರೈ, ಭತ್ತದಂಥ ಬೆಳೆಯಲ್ಲಿ ಕಾಳು ತೆಗೆದ ಮೇಲೆ ಉಳಿಯೋ ಒಣ ಕಡ್ಡಿ ಸ್ಟ್ರಾ. ನಮಗೆ ಎರಡೂ ಹುಲ್ಲೇ. ಯಾಕೆಂದರೆ ನಮ್ಮ ದನಕ್ಕೆ ರಾಗಿಹುಲ್ಲು, ಭತ್ತದ ಹುಲ್ಲೇ ವರ್ಷಪೂರ್ತಿ ಊಟ. ನಮ್ಮೂರಲ್ಲಿ ಮದುವೆಗೆ ಗಂಡು ನೋಡೋಕೆ ಬಂದವರು ಹಿತ್ತಲ ಹುಲ್ಲಿನ ಮೆದೆ ಎಷ್ಟು ಎತ್ತರ ಇದೆ ಅಂತ ಒಂದು ಕಣ್ಣು ಹಾಕಿಯೇ ಒಳಗೆ ಬರ್ತಿದ್ದರು. ಅಂಥ ಹುಲ್ಲನ್ನು ಗೋಡೆಗೆ ಇಡ್ತಾರೆ ಅಂದರೆ ನಮ್ಮ ಹಿರಿಯರಿಗೆ ಅನ್ನವನ್ನು ಗೋಡೆಗೆ ಮೆತ್ತಿದ ಹಾಗೆ. ಹಾಗಿದ್ದರೆ ನೆಬ್ರಾಸ್ಕದವರು ಯಾಕೆ ಇಟ್ಟರು?

ಬೇರೆ ಏನೂ ಇರಲಿಲ್ಲ, ಅದಕ್ಕೆ.

ನೆಬ್ರಾಸ್ಕ ರಾಜ್ಯದ ಸುಮಾರು ಕಾಲು ಭಾಗ ಸ್ಯಾಂಡ್‌ಹಿಲ್ಸ್ ಅನ್ನೋ ಪ್ರದೇಶ. ಹೆಸರೇ ಹೇಳೋ ಹಾಗೆ ಅದು ಮರಳು ದಿಬ್ಬಗಳ ಸೀಮೆ. ಮರಳಿನ ಮೇಲೆ ಹುಲ್ಲು ಹಬ್ಬಿ, ಬೇರು ಹಿಡಿದು, ದಿಬ್ಬಗಳನ್ನು ಅಲ್ಲಾಡದ ಹಾಗೆ ನಿಲ್ಲಿಸಿದೆ. ಕಣ್ಣು ಹಾಯಿಸಿದಷ್ಟೂ ಹುಲ್ಲು. ಮರ ಅಪರೂಪ. ಇದು ಲಕೋಟ, ಪಾನಿ ಮೊದಲಾದ ಮೂಲನಿವಾಸಿಗಳು ಕಾಡೆಮ್ಮೆ ಬೇಟೆಯಾಡುತ್ತಿದ್ದ ನೆಲ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದರು. ಪಾನಿ ಜನರನ್ನು 1870ರ ದಶಕದಲ್ಲಿ ಈಗಿನ ಓಕ್ಲಹೋಮಕ್ಕೆ ಸಾಗಿಸಲಾಯಿತು. ಆಮೇಲೆ 'ಖಾಲಿ' ಜಾಗ ಅಂತ ಅದನ್ನು ವಲಸೆ ಬಂದವರಿಗೆ ಹಂಚಿದರು. ಖಾಲಿ ಇರಲಿಲ್ಲ, ಖಾಲಿ ಮಾಡಿಸಿದ್ದು. ಹುಲ್ಲಿನ ಮನೆಯ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳೋದು ಸರಿಯಲ್ಲ.

1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆ ಸಿಗ್ತಿತ್ತು. ಕೇಳೋಕೆ ಭರ್ಜರಿ, ಆದರೆ ಮರಳಿನಲ್ಲಿ 160 ಎಕರೆ ಇಟ್ಟುಕೊಂಡು ಬದುಕೋದು ಕಷ್ಟ. ಅದಕ್ಕೇ 1904ರಲ್ಲಿ ಮೋಸೆಸ್ ಕಿಂಕೇಡ್ ಅನ್ನೋ ಸಂಸದ ಇನ್ನೊಂದು ಕಾಯ್ದೆ ತಂದ. ವಾಯವ್ಯ ನೆಬ್ರಾಸ್ಕದ 37 ಕೌಂಟಿಗಳಲ್ಲಿ ಒಬ್ಬೊಬ್ಬರಿಗೆ 640 ಎಕರೆ. ಆದರೆ ಷರತ್ತು ಇತ್ತು. ಐದು ವರ್ಷ ಅಲ್ಲೇ ಇರಬೇಕು, ಜಮೀನಿನ ಮೇಲೆ ಎಕರೆಗೆ 1.25 ಡಾಲರಿನಷ್ಟು ಬೆಲೆಯ ಕೆಲಸ ಮಾಡಿ ತೋರಿಸಬೇಕು. ಅಂದರೆ ಮೊದಲು ತಲೆ ಮೇಲೊಂದು ಸೂರು ಬೇಕು. ಚಳಿಗಾಲ ಬರೋದರೊಳಗೆ ಬೇಕು. ಅಲ್ಲಿ ಚಳಿಗಾಲ ಅಂದರೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ ಹೋಗೋದೂ ಉಂಟು.

ಮರ ಇಲ್ಲ. ರೈಲು ನಿಲ್ದಾಣ ದೂರ, ಅಲ್ಲಿಂದ ಮರ ತರಿಸೋಕೆ ದುಡ್ಡಿಲ್ಲ. ನೆಬ್ರಾಸ್ಕದ ಬೇರೆ ಕಡೆ ಜನ ಹುಲ್ಲಿನ ಬೇರುಸಮೇತ ಮಣ್ಣಿನ ಹೆಂಟೆಗಳನ್ನು ಕೊಯ್ದು ಪೇರಿಸಿ ಮನೆ ಕಟ್ಟುತ್ತಿದ್ದರು. ಸ್ಯಾಂಡ್‌ಹಿಲ್ಸ್‌ನಲ್ಲಿ ಆ ಹೆಂಟೆ ಕೈಗೆ ಬಂದರೆ ಉದುರಿ ಮರಳಾಗುತ್ತೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಹುಲ್ಲಿನ ಬೇರು ಕಿತ್ತರೆ ದಿಬ್ಬಕ್ಕೆ ಗಾಳಿ ಹೊಕ್ಕು ಮರಳು ಹಾರೋಕೆ ಶುರುವಾಗುತ್ತೆ. ನೆಲ ಮುಟ್ಟೋ ಹಾಗಿಲ್ಲ, ನೆಲದ ಮೇಲಿರೋದು ಹುಲ್ಲು ಮಾತ್ರ.

ಆ ಹೊತ್ತಿಗೆ ಕುದುರೆ ತಿರುಗಿಸೋ ಹುಲ್ಲು ಒತ್ತೋ ಯಂತ್ರಗಳು ಬಂದಿದ್ದವು. ಹುಲ್ಲನ್ನು ರೈಲಲ್ಲಿ ಸಾಗಿಸೋಕೆ ಸುಲಭ ಆಗಲಿ ಅಂತ ಮಾಡಿದ ಯಂತ್ರ ಅದು. ಸಡಿಲ ಹುಲ್ಲನ್ನು ಒತ್ತಿ, ತಂತಿ ಬಿಗಿದು, ಒಂದೇ ಅಳತೆಯ ಕಟ್ಟು ಮಾಡಿ ಹೊರಗೆ ಹಾಕುತ್ತೆ. ಅದಕ್ಕೆ ಬೇಲ್ ಅಂತಾರೆ. ನಮ್ಮ ಕಡೆ ಈಗ ಭತ್ತ ಕೊಯ್ಲಾದ ಮೇಲೆ ಟ್ರ್ಯಾಕ್ಟರ್ ಹಿಂದೆ ಮೆಷಿನ್ ಹಾಕಿ ಹುಲ್ಲು ಸುತ್ತಿಸ್ತಾರಲ್ಲ, ಅದರ ಮುತ್ತಜ್ಜ ಅಂದುಕೊಳ್ಳಿ. ಯಾರೋ ಒಬ್ಬ ಪುಣ್ಯಾತ್ಮನಿಗೆ, ಪೇರಿಸಿಟ್ಟ ಬೇಲ್‌ಗಳನ್ನು ನೋಡಿ, ಇದು ದೊಡ್ಡ ಇಟ್ಟಿಗೆ ಥರವೇ ಇದೆಯಲ್ಲ ಅನ್ನಿಸಿರಬೇಕು. ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಕಟ್ಟೋ ಕ್ರಮ ಸರಳ. ಬೇಲ್‌ಗಳನ್ನು ಇಟ್ಟಿಗೆ ಸಾಲಿನ ಹಾಗೆ ಸಂದಿಗೆ ಸಂದಿ ಬರದಂತೆ ಇಡೋದು. ಮೇಲಿಂದ ಕೆಳಗೆ ಕಡ್ಡಿ, ಸಲಾಕೆ ಚುಚ್ಚಿ ಸಾಲುಗಳನ್ನು ಹೊಲಿದ ಹಾಗೆ ಹಿಡಿಸೋದು. ಗೋಡೆಯ ತಲೆ ಮೇಲೆ ಮರದ ಹಲಗೆ ಹಾಕಿ ಚಾವಣಿ ಕೂರಿಸೋದು. ಕಂಬ ಇಲ್ಲ, ಚೌಕಟ್ಟು ಇಲ್ಲ, ಚಾವಣಿಯ ಭಾರವೆಲ್ಲ ಹುಲ್ಲಿನ ಮೇಲೇ. ಆ ಭಾರಕ್ಕೆ ಗೋಡೆ ಒಂದಿಷ್ಟು ಕುಸಿದು ಗಟ್ಟಿಯಾಗುತ್ತೆ. ಹಾಗೆ ಕೂರೋವರೆಗೂ ಬಿಟ್ಟು, ಆಮೇಲೆ ಒಳಗೂ ಹೊರಗೂ ಜಿಗುಟು ಮಣ್ಣು ಮೆತ್ತೋದು. ಮುಂದೆ ಕೈಯಲ್ಲಿ ಕಾಸಾಡಿದವರು ಸಿಮೆಂಟ್ ಗಾರೆ ಮಾಡಿಸಿದರು. ಚಾವಣಿ ಗೋಡೆ ಹೊತ್ತಿರೋ ಈ ಬಗೆಗೆ ಇವತ್ತಿಗೂ ಕಟ್ಟಡದವರ ಬಾಯಲ್ಲಿ 'ನೆಬ್ರಾಸ್ಕ ಶೈಲಿ' ಅಂತಲೇ ಹೆಸರು. ಆರ್ಥರ್‌ನ ಚರ್ಚು ಕೂಡ ಹೀಗೇ ಎದ್ದದ್ದು. ರೈ ಹುಲ್ಲಿನ ಬೇಲ್, ಎರಡಡಿ ದಪ್ಪದ ಗೋಡೆ, ಮೇಲೆ ಗಾರೆ. ಮುಂದೆ ಪ್ರಾರ್ಥನೆಯ ಜಾಗ, ಹಿಂದೆ ಪಾದ್ರಿಯ ಮನೆ.

ಬೇಯರ್ಡ್‌ನ ಸ್ಕೂಲಿಗೂ ಈ ಚರ್ಚಿಗೂ ಇರೋ ವ್ಯತ್ಯಾಸ ಆ ಮೆತ್ತನೆಯಲ್ಲೇ ಇದೆ. ಮೆತ್ತದೇ ಬಿಟ್ಟ ಹುಲ್ಲು ದನಕ್ಕೆ ಮೇವು, ಇಲಿಗೆ ಮನೆ, ಕಿಡಿಗೆ ಆಹುತಿ. ಎರಡೂ ಕಡೆ ಗಟ್ಟಿಯಾಗಿ ಮೆತ್ತಿದ ಬೇಲ್ ಬೇರೆಯೇ ವಸ್ತು. ಬೆಂಕಿ ಹತ್ತೋಕೆ ಗಾಳಿ ಬೇಕು, ಒತ್ತಿದ ಹುಲ್ಲೊಳಗೆ ಗಾಳಿ ಆಡೋಲ್ಲ. ಹಳೇ ಟೆಲಿಫೋನ್ ಡೈರೆಕ್ಟರಿಯ ಒಂದು ಹಾಳೆ ಹರಿದು ಕಡ್ಡಿ ಗೀರಿದರೆ ಭಗ್ಗನೆ ಉರಿಯುತ್ತೆ. ಇಡೀ ಪುಸ್ತಕ ಮುಚ್ಚಿಟ್ಟು ಬೆಂಕಿ ಇಟ್ಟರೆ ಅಂಚು ಕಪ್ಪಾಗುತ್ತೆ ಅಷ್ಟೇ. ಲೆಕ್ಕ ಅದೇ. ಒತ್ತಿದ ಹುಲ್ಲೊಳಗೆ ಸಿಕ್ಕಿಕೊಂಡ ಗಾಳಿಯೇ ಚಳಿಗೆ ಕಂಬಳಿ. ಹೊರಗೆ ಹಿಮ ಸುರೀತಿದ್ದರೂ ಒಳಗೆ ಸಣ್ಣ ಒಲೆ ಸಾಕಾಗ್ತಿತ್ತು.

ಹುಲ್ಲಿನ ಗೋಡೆಯ ನಿಜವಾದ ಶತ್ರು ನೀರು. ತೇವ ಒಳಗೆ ನಿಂತರೆ ಹುಲ್ಲು ಕೊಳೆಯುತ್ತೆ, ಆಮೇಲೆ ಯಾವ ಮೆತ್ತನೆಯೂ ಕಾಪಾಡೋಲ್ಲ. ಅದಕ್ಕೇ ಈ ಮನೆಗಳ ತಲೆಯೂ ನೆನೀಬಾರದು, ಕಾಲೂ ನೆನೀಬಾರದು. ಸೂರು ಗೋಡೆಯಿಂದ ಚೆನ್ನಾಗಿ ಮುಂದೆ ಚಾಚಿರಬೇಕು, ಪಾಯ ನೆಲದಿಂದ ಮೇಲೆದ್ದಿರಬೇಕು. ಹಳ್ಳಿಯಲ್ಲಿ ಮಣ್ಣಿನ ಮನೆ ನೋಡಿದವರಿಗೆ ಇದು ಹೊಸ ವಿಷಯವಲ್ಲ. ನಮ್ಮ ಹಳೇ ಮನೆಗಳ ಸೂರು ಬಗ್ಗಿ ಒಳಗೆ ಹೋಗಬೇಕಾದಷ್ಟು ಕೆಳಗೆ ಇಳಿದಿರುತ್ತಿದ್ದದ್ದು ಇದಕ್ಕೇ. ಗೋಡೆಗೆ ಇರಚಲು ಹೊಡೀಬಾರದು ಅಂತ.

ಈಗ ಕಥೆಯ ಎರಡನೇ ಭಾಗ.

ಇಷ್ಟು ಚೆನ್ನಾದ ಮನೆ ಅಂದಮೇಲೆ ನೆಬ್ರಾಸ್ಕ ತುಂಬ ಹಬ್ಬಬೇಕಿತ್ತಲ್ಲವೇ? ಹಬ್ಬಲಿಲ್ಲ. 1940ರ ದಶಕದ ಹೊತ್ತಿಗೆ ಹೊಸದಾಗಿ ಕಟ್ಟೋರೇ ಇಲ್ಲವಾದರು. ರೈಲು, ರಸ್ತೆ ಹತ್ತಿರ ಬಂದವು. ಮರ, ಸಿಮೆಂಟು ಸಿಗೋ ಹಾಗಾಯಿತು. ಅದಕ್ಕಿಂತ ಮುಖ್ಯವಾಗಿ, ಕಟ್ಟಿಕೊಂಡವರಿಗೇ ಅದು ನಾಲ್ಕು ದಿನದ ಮನೆ. ಸದ್ಯಕ್ಕೆ ಹುಲ್ಲಿನದು ಇರಲಿ, ಕೈಗೆ ದುಡ್ಡು ಬಂದಮೇಲೆ 'ನಿಜವಾದ' ಮನೆ ಕಟ್ಟೋಣ ಅನ್ನೋ ಲೆಕ್ಕ. ಗಾರೆ ಮಾಡಿ ಬಣ್ಣ ಹೊಡೆದ ಮೇಲೆ ಹೊರಗಿನವರಿಗೆ ಒಳಗೆ ಹುಲ್ಲಿದೆ ಅಂತ ಗೊತ್ತಾಗ್ತಿರಲಿಲ್ಲ, ಗೊತ್ತಾಗಲಿ ಅಂತ ಆಸೆಯೂ ಇರಲಿಲ್ಲ.

ಸಾಫ್ಟ್‌ವೇರ್‌ನಲ್ಲಿರೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಸದ್ಯಕ್ಕೆ ಅಂತ ಹಾಕಿದ ಕೋಡು ಹತ್ತು ವರ್ಷ ಪ್ರೊಡಕ್ಷನ್‌ನಲ್ಲಿ ಓಡ್ತಾ ಇರುತ್ತೆ. ಬರೆದವನು ಕೆಲಸ ಬಿಟ್ಟು ಹೋಗಿರ್ತಾನೆ, ಡಾಕ್ಯುಮೆಂಟ್ ಇರೋಲ್ಲ. ಅದು ಓಡ್ತಿರೋ ತನಕ ಯಾರೂ ತಿರುಗಿ ನೋಡೋಲ್ಲ. ನೆಬ್ರಾಸ್ಕದ ಹುಲ್ಲಿನ ಮನೆಗಳೂ ಹಾಗೇ ಮೂಲೆಯಲ್ಲಿ ಸುಮ್ಮನೆ ನಿಂತಿದ್ದವು. ಕಟ್ಟಿದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಇನ್ನೊಂದು ಇಪ್ಪತ್ತು ವರ್ಷ ಕಳೆದಿದ್ದರೆ ಹೇಗೆ ಕಟ್ಟಿದರು ಅಂತ ಹೇಳೋಕೂ ಯಾರೂ ಉಳಿದಿರುತ್ತಿರಲಿಲ್ಲ.

ಆಗ ಬಂದವನು ರೋಜರ್ ವೆಲ್ಶ್. ಇವನು ಎಂಜಿನಿಯರ್ ಅಲ್ಲ, ಆರ್ಕಿಟೆಕ್ಟೂ ಅಲ್ಲ. ಜಾನಪದ ವಿದ್ವಾಂಸ. ನಮ್ಮಲ್ಲಿ ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಲಾವಣಿ, ಸೋಬಾನೆ ಪದ ಬರೆದುಕೊಂಡರಲ್ಲ, ಆ ಜಾತಿಯವನು. 1968ರಲ್ಲಿ ಹೆಂಟೆ ಮನೆಗಳ ಬಗ್ಗೆ ಪುಸ್ತಕ ತಂದಿದ್ದ. ಹುಲ್ಲಿನ ಮನೆಗಳ ಬಗ್ಗೆ 1970ರಲ್ಲಿ ಒಂದು ಜಾನಪದ ಪತ್ರಿಕೆಯಲ್ಲಿ ಲೇಖನ ಬರೆದ. ಜಾನಪದದ ಪತ್ರಿಕೆಯನ್ನು ಎಷ್ಟು ಜನ ಓದ್ತಾರೆ ಹೇಳಿ? ಆದರೆ 1973ರಲ್ಲಿ ಕ್ಯಾಲಿಫೋರ್ನಿಯಾದ ಲಾಯ್ಡ್ ಕಾನ್ 'ಶೆಲ್ಟರ್' ಅನ್ನೋ ದೊಡ್ಡ ಪುಸ್ತಕ ತಂದಾಗ ವೆಲ್ಶ್‌ನ ಹುಲ್ಲಿನ ಮನೆಗೂ ಅದರಲ್ಲಿ ಜಾಗ ಸಿಕ್ಕಿತು. ತಮ್ಮ ಮನೆ ತಾವೇ ಕಟ್ಟಿಕೊಳ್ಳಬೇಕು ಅಂತ ಹೊರಟಿದ್ದ ಆ ಕಾಲದ ಹುಡುಗರ ಕೈಗೆ ಆ ಪುಸ್ತಕ ಸೇರಿತು. ಮರೆತುಹೋಗಿದ್ದ ವಿದ್ಯೆಯ ಕೊಂಡಿ ಕೂಡಿದ್ದು ಕೆಲವೇ ಪುಟಗಳಿಂದ.

ವೆಲ್ಶ್ ಬಗ್ಗೆ ಇನ್ನೊಂದು ವಿಷಯ ಹೇಳಿಬಿಡ್ತೀನಿ. ಮುಂದೆ ಅವನೂ ಅವನ ಹೆಂಡತಿ ಲಿಂಡಾಳೂ ನದಿ ದಂಡೆಯಲ್ಲಿದ್ದ ತಮ್ಮ ಜಮೀನನ್ನು ಪಾನಿ ಜನರಿಗೆ ಬರೆದುಕೊಟ್ಟರು. ಮ್ಯೂಸಿಯಮ್ಮುಗಳಲ್ಲಿ ಬಿದ್ದಿದ್ದ ತಮ್ಮ ಹಿರಿಯರ ಅಸ್ಥಿಯನ್ನು ತಂದು ಮಣ್ಣು ಮಾಡೋಕೆ ಆ ಜನಕ್ಕೆ ಸ್ವಂತ ನೆಲದಲ್ಲಿ ಜಾಗ ಸಿಕ್ಕಿದ್ದು ಹೀಗೆ. ಹುಲ್ಲಿನ ಮನೆ ಕಟ್ಟಿದವರ ನೆನಪನ್ನು ಉಳಿಸಿದವನೇ, ಆ ನೆಲದಿಂದ ಎಬ್ಬಿಸಲ್ಪಟ್ಟವರನ್ನೂ ಮರೆಯಲಿಲ್ಲ.

1980ರ ದಶಕದ ಕೊನೆಗೆ ಅರಿಜೋನಾದ ಟೂಸಾನ್ ನಗರದ ಮ್ಯಾಟ್ಸ್ ಮೈರ್‌ಮನ್ ಮತ್ತು ಜೂಡಿ ನಾಕ್ಸ್ ನೆಬ್ರಾಸ್ಕಕ್ಕೇ ಹೋಗಿ ಆ ಹಳೇ ಮನೆಗಳನ್ನು ಹುಡುಕಿ ನೋಡಿದರು, ಅಲ್ಲಿ ವಾಸ ಇದ್ದವರನ್ನು ಮಾತಾಡಿಸಿದರು. ಬಂದು ಊರೂರಲ್ಲಿ ಕಟ್ಟೋದನ್ನು ಕಲಿಸಿದರು. 1994ರಲ್ಲಿ 'ದಿ ಸ್ಟ್ರಾ ಬೇಲ್ ಹೌಸ್' ಅನ್ನೋ ಪುಸ್ತಕ ಬಂತು. ಆದರೆ ಪುಸ್ತಕ ಓದಿದವರೆಲ್ಲ ಮನೆ ಕಟ್ಟೋಕೆ ಆಗೋಲ್ಲ. ನಗರಸಭೆಗೆ ಹೋಗಿ ನಕ್ಷೆ ಕೊಟ್ಟರೆ ಗೋಡೆ ಯಾವುದರದ್ದು ಅಂತ ಕೇಳ್ತಾರೆ. ಹುಲ್ಲು ಅಂದರೆ ಆ ಆಫೀಸರು ಏನು ಮಾಡಬೇಕು? ಅವನ ಪುಸ್ತಕದಲ್ಲಿ ಹುಲ್ಲು ಅನ್ನೋ ಪದವೇ ಇಲ್ಲ. ಬ್ಯಾಂಕು ಸಾಲ ಕೊಡೋಲ್ಲ, ಇನ್ಶೂರೆನ್ಸಿನವರು ಬಾಗಿಲು ತೆರೆಯೋಲ್ಲ. ತೊಂಬತ್ತು ವರ್ಷ ನಿಂತ ಮನೆ ಕಣ್ಣೆದುರಿಗೆ ಇದ್ದರೂ ಕಾಗದದ ಮೇಲೆ ಅದು ಇಲ್ಲ.

ಅದನ್ನು ಕಾಗದಕ್ಕೆ ತರೋಕೆ ಹಿಡಿದದ್ದು ಸುಮಾರು ಇಪ್ಪತ್ತು ವರ್ಷ. 1990ರ ದಶಕದಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹುಲ್ಲಿನ ಗೋಡೆಗೆ ಬೆಂಕಿ ಇಟ್ಟು ನೋಡಿದರು. 1996ರಲ್ಲಿ ಟೂಸಾನ್ ನಗರ ಮತ್ತು ಪಿಮಾ ಕೌಂಟಿ ತಮ್ಮಲ್ಲಿ ಇದಕ್ಕೆ ನಿಯಮ ಮಾಡಿದವು. 2006ರಲ್ಲಿ ಲ್ಯಾಬಿನಲ್ಲಿ ಪ್ರಮಾಣಿತ ಬೆಂಕಿ ಪರೀಕ್ಷೆ ಮಾಡಿದಾಗ ಮಣ್ಣು ಮೆತ್ತಿದ ಹುಲ್ಲಿನ ಗೋಡೆ ಒಂದು ಗಂಟೆ, ಸಿಮೆಂಟ್-ಸುಣ್ಣದ ಗಾರೆ ಮಾಡಿದ ಗೋಡೆ ಎರಡು ಗಂಟೆ ತಡೆಯುತ್ತೆ ಅಂತ ಸಾಬೀತಾಯಿತು. ಕೊನೆಗೆ 2015ರ ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್‌ನಲ್ಲಿ, ಅಂದರೆ ಅಮೆರಿಕದ ಬಹುಪಾಲು ರಾಜ್ಯಗಳು ಮನೆ ಕಟ್ಟೋಕೆ ಮಾದರಿಯಾಗಿ ಇಟ್ಟುಕೊಳ್ಳೋ ನಿಯಮಾವಳಿಯಲ್ಲಿ, ಹುಲ್ಲಿನ ಬೇಲ್ ಮನೆಗೇ ಒಂದು ಅನುಬಂಧ ಸೇರಿತು. ಹುಲ್ಲಿನ ತೇವ ಎಷ್ಟಿರಬೇಕು, ಎಷ್ಟು ಒತ್ತಾಗಿರಬೇಕು, ಗಾರೆ ಎಷ್ಟು ದಪ್ಪ, ಎಲ್ಲಾ ಬರವಣಿಗೆಯಲ್ಲಿ. ಹುಲ್ಲು ಮೊದಲಿನದ್ದೇ. ಅದರ ಬಗ್ಗೆ ನಮಗೆ ಗೊತ್ತಿದ್ದದ್ದನ್ನು ಬರೆದಿಟ್ಟರು, ಅಷ್ಟೇ ಹೊಸದು.

ಹುಲ್ಲಿನ ಮನೆ ಅಂದರೆ ಸಾಹುಕಾರರ ಪರಿಸರ ಪ್ರೇಮದ ಫ್ಯಾಷನ್ ಅಂತ ಯಾರಾದರೂ ಅನ್ನಬಹುದು. ಅವರಿಗೆ ನಮ್ಮ ಪಕ್ಕದ ಒಂದು ಘಟನೆ ಹೇಳಬೇಕು. 2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ಗಡಿಯ ಆಚೆ ಈಚೆ ಸೇರಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ನೆಲ ನಡುಗಿ ಸತ್ತವರಿಗಿಂತ ಸೂರು, ಗೋಡೆ ಮೈಮೇಲೆ ಬಿದ್ದು ಸತ್ತವರೇ ಹೆಚ್ಚು. ಕಲ್ಲಿನ ಮನೆ ಬಿದ್ದವು, ಕಾಂಕ್ರೀಟಿನ ಸ್ಕೂಲುಗಳು ಮಕ್ಕಳ ಮೇಲೆ ಬಿದ್ದವು. ಇಸ್ಲಾಮಾಬಾದಿನಲ್ಲಿ ಮಾರ್ಗಲ್ಲಾ ಟವರ್ಸ್ ಅನ್ನೋ ಅಪಾರ್ಟ್‌ಮೆಂಟಿನ ಒಂದು ಭಾಗವೇ ಕುಸಿಯಿತು. ಎಲ್ಲವೂ 'ಪಕ್ಕಾ' ಕಟ್ಟಡಗಳು.

ಅದಾದ ಮೇಲೆ ಡಾರ್ಸಿ ಡೊನೊವನ್ ಅನ್ನೋ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಉತ್ತರ ಪಾಕಿಸ್ತಾನದ ಬಡವರಿಗೆ ಅಂತ ಹುಲ್ಲಿನ ಮನೆಯ ಒಂದು ಮಾದರಿ ಮಾಡಿದರು. ಕರೆಂಟಿಲ್ಲದೆ ಕೈಯಲ್ಲೇ ಹುಲ್ಲು ಒತ್ತೋ ಸಣ್ಣ ಪೆಟ್ಟಿಗೆ. ಪಾಯಕ್ಕೆ ಜಲ್ಲಿ ತುಂಬಿದ ಚೀಲ. ಮಣ್ಣಿನ ಮೆತ್ತನೆ ಬಿರುಕು ಬಿಡದಂತೆ ಒಳಗೆ ಮೀನು ಹಿಡಿಯೋ ನೈಲಾನ್ ಬಲೆ. 2009ರಲ್ಲಿ 14 ಅಡಿಗೆ 14 ಅಡಿಯ ಅಂಥದೊಂದು ಮನೆಯನ್ನು ರೀನೋದಲ್ಲಿರೋ ನೆವಾಡಾ ವಿಶ್ವವಿದ್ಯಾಲಯದ ಕಂಪನ ಮೇಜಿನ ಮೇಲೆ ಕಟ್ಟಿ ಅಲ್ಲಾಡಿಸಿದರು. 1994ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಒಂದು ಕಡೆ ದಾಖಲಾಗಿದ್ದ ಕಂಪನದ ಎರಡರಷ್ಟು ಜೋರಾಗಿ. ಮನೆ ಬಿರುಕು ಬಿಟ್ಟಿತು, ಮೈ ಓಲಾಡಿಸಿತು, ಬೀಳಲಿಲ್ಲ.

ಈಗ ನಮ್ಮ ಮನೆ ವಿಷಯಕ್ಕೆ ಬರೋಣ. ನಮ್ಮ ಸರ್ಕಾರಿ ಲೆಕ್ಕದಲ್ಲಿ ಮನೆಗಳಿಗೂ ಜಾತಿ ಉಂಟು. ಕಚ್ಚಾ, ಪಕ್ಕಾ. ಹುಲ್ಲು, ಗರಿ, ಬಿದಿರು, ಮಣ್ಣಿನದಾದರೆ ಕಚ್ಚಾ. ಸುಟ್ಟ ಇಟ್ಟಿಗೆ, ಕಲ್ಲು, ಸಿಮೆಂಟಿನದಾದರೆ ಪಕ್ಕಾ. ಯಾರಿಗೆ ವಸತಿ ಯೋಜನೆಯ ದುಡ್ಡು ಸಿಗಬೇಕು ಅನ್ನೋದೂ ಇದರಿಂದಲೇ ತೀರ್ಮಾನ ಆಗುತ್ತೆ. ಇದು ತಪ್ಪು ಅಂತ ನಾನು ಹೇಳೋಲ್ಲ. ಗುಡಿಸಲಲ್ಲಿ ಇದ್ದವರಿಗೆ ಗುಡಿಸಲು ಏನು ಅಂತ ಗೊತ್ತು. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಇಡೀ ಕೇರಿ ಹೋಗುತ್ತೆ, ಮಳೆಗಾಲದಲ್ಲಿ ರಾತ್ರಿಯಿಡೀ ಪಾತ್ರೆ ಇಟ್ಟು ಸೋರೋ ನೀರು ಹಿಡೀಬೇಕು. ನಮ್ಮೂರಲ್ಲಿ ಜನತಾ ಮನೆ, ಆಶ್ರಯ ಮನೆ ಸಿಕ್ಕವರು ಹೊಸ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಹಬ್ಬ ಮಾಡಿದರು. ಮೋಲ್ಡ್ ಹಾಕಿಸಿದ ಮನೆ ಅಂದರೆ ಬರೀ ಸೂರಲ್ಲ, ಮರ್ಯಾದೆ. ಎಸಿ ಆಫೀಸಲ್ಲಿ ಕೂತು ಅವರಿಗೆ ಹುಲ್ಲಿನ ಮನೆಯ ಪಾಠ ಹೇಳೋ ಯೋಗ್ಯತೆ ನನಗಾಗಲೀ ನಿಮಗಾಗಲೀ ಇಲ್ಲ.

ಹುಲ್ಲಿನ ಬೇಲ್ ಮನೆ ಕರ್ನಾಟಕಕ್ಕೆಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳ್ತಿಲ್ಲ. ಮಲೆನಾಡಿನ ಮಳೆಗೆ, ಕರಾವಳಿಯ ತೇವಕ್ಕೆ, ಬಯಲುಸೀಮೆಯ ಗೆದ್ದಲಿಗೆ ಹುಲ್ಲಿನ ಗೋಡೆ ನಿಲ್ಲಿಸೋದು ಸುಲಭದ ಮಾತಲ್ಲ. ಬರ ಬಿದ್ದ ವರ್ಷ ಲಾರಿಯಲ್ಲಿ ಮೇವು ತರಿಸೋ ಊರಲ್ಲಿ ರಾಗಿಹುಲ್ಲು ಗೋಡೆಗಿಟ್ಟರೆ ದನದ ಶಾಪ ತಟ್ಟುತ್ತೆ. ಒಂದು ಕಡೆ ಮೇವಿಲ್ಲ, ಇನ್ನೊಂದು ಕಡೆ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ, ಹುಲ್ಲಿಗೆ ಗದ್ದೆಯಲ್ಲೇ ಬೆಂಕಿ ಹಚ್ಚಿ ದೆಹಲಿಯ ಉಸಿರು ಕಟ್ಟಿಸ್ತಾರೆ. ಆ ಹುಲ್ಲಿಗೆ ಗೋಡೆಯೂ ಒಂದು ದಾರಿಯಾಗಬಹುದು. ಅದು ಅಲ್ಲಿನ ಲೆಕ್ಕ.

ನನ್ನ ಮಾತು ಬೇರೆ. ಕಚ್ಚಾ ಅನ್ನೋ ಪದ ಸಾಮಗ್ರಿಗೆ ಅಂಟಿಕೊಂಡಿದೆ. ಆದರೆ ನೆಬ್ರಾಸ್ಕದ ಕಥೆ ನೋಡಿದರೆ ಹುಲ್ಲು ಅದೇ ಹುಲ್ಲು. ಮೆತ್ತದೇ ಬಿಟ್ಟಾಗ ಕಚ್ಚಾ, ಹದ ತಿಳಿದು ಮೆತ್ತಿದಾಗ ಪಕ್ಕಾ. ಬರೆಯದೇ ಬಿಟ್ಟಾಗ ಬಡವರ ಗುಡಿಸಲು, ಪರೀಕ್ಷೆ ಮಾಡಿ ಬರೆದಾಗ ಕಟ್ಟಡ ವಿಧಾನ. ಸಾಮಗ್ರಿಯ ಜೊತೆ ತಿಳಿವಳಿಕೆಯನ್ನೂ ಕಚ್ಚಾ ಅಂತ ಗುಡಿಸಿ ಹೊರಗೆ ಹಾಕಿದರೆ ಆಮೇಲೆ ಹುಡುಕಿದರೂ ಸಿಗೋಲ್ಲ.

ಇದು ನಮ್ಮ ಕೈಲಿ ಆಗದ ಕೆಲಸವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ವಿಜ್ಞಾನದ ಕಣ್ಣಿಂದ ನೋಡೋದು ಅದರ ಕೆಲಸ. ಅಲ್ಲಿ ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದೇ ಇಟ್ಟಿಗೆ ಮಾಡೋ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ ಗಟ್ಟಿ ಮಾಡಿದರು. ಮಣ್ಣಿನ ಇಟ್ಟಿಗೆಗೆ ಭಾರತೀಯ ಮಾನಕವೂ ಇದೆ. ಬೆಂಗಳೂರಲ್ಲೇ ಈ ಇಟ್ಟಿಗೆಯ ಚೆಂದದ ಮನೆಗಳಿವೆ. ಅವುಗಳ ಮುಂದೆ ನಿಂತು ಇದು ಕಚ್ಚಾ ಮನೆ ಅಂತ ಯಾರೂ ಹೇಳೋಲ್ಲ. ಮಣ್ಣು ಬದಲಾಗಲಿಲ್ಲ. ಅದನ್ನು ಯಾರೋ ಕೂತು ಅಳೆದರು.

ಆದರೆ ಎಲ್ಲಾ ಮಣ್ಣನ್ನೂ ಯಾರೂ ಅಳೆದಿಲ್ಲ. ನಮ್ಮೂರಲ್ಲಿ ಮಣ್ಣಿನ ಗೋಡೆ ಎಬ್ಬಿಸೋಕೆ ಗೊತ್ತಿರೋರು ಈಗ ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ. ಯಾವ ಕೆರೆಯ ಮಣ್ಣು, ಎಷ್ಟು ದಿನ ಕೊಳೆ ಹಾಕಬೇಕು, ಎಷ್ಟು ಹುಲ್ಲು ಕೊಚ್ಚಿ ಸೇರಿಸಬೇಕು, ತುಳಿದಾಗ ಅಂಗಾಲಿಗೆ ಹೇಗೆ ಅಂಟಿದರೆ ಹದ ಬಂತು ಅಂತ ಲೆಕ್ಕ, ಒಂದು ವರಸೆ ಒಣಗೋಕೆ ಎಷ್ಟು ದಿನ ಬಿಡಬೇಕು, ಇದೆಲ್ಲ ಅವರ ಕಾಲಲ್ಲಿ, ಕೈಯಲ್ಲಿ ಇದೆ. ಹದ ಅನ್ನೋ ಪದವನ್ನು ಗೂಗಲ್ ಮಾಡಿದರೆ ಹದ ಸಿಗೋಲ್ಲ. ಅವರ ಮಕ್ಕಳು ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗಿದ್ದಾರೆ. ಹೋಗಬಾರದು ಅಂತ ಅಲ್ಲ. ಆದರೆ ಅವರಿಗೆ ತಮ್ಮಪ್ಪನ ಕೆಲಸ ವಿದ್ಯೆ ಅಂತ ಯಾರೂ ಹೇಳಲಿಲ್ಲ, ಬಡತನ ಅಂತ ಮಾತ್ರ ಹೇಳಿದರು. ನೆಬ್ರಾಸ್ಕದಲ್ಲೂ ಅದೇ ಹೇಳಿದ್ದರು.

ವೆಲ್ಶ್‌ನ ಹತ್ತಿರ ದೊಡ್ಡ ಲ್ಯಾಬ್ ಇರಲಿಲ್ಲ. ಹೋಗಿ ಕೇಳಿದ, ಬರೆದುಕೊಂಡ, ಅಚ್ಚು ಹಾಕಿಸಿದ. ಬೆಂಕಿ ಪರೀಕ್ಷೆ, ಕಂಪನ ಮೇಜು, ನಿಯಮಾವಳಿ ಎಲ್ಲಾ ಆಮೇಲೆ ಬಂದವು. ಇದನ್ನು ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನರಿಗೆ ಒಂದು ಊರಿದೆ, ಆ ಊರಲ್ಲಿ ಇಂಥ ಒಬ್ಬರು ಅಜ್ಜ ಇದ್ದಾರೆ. ಯುಗಾದಿಗೋ ಗೌರಿ ಹಬ್ಬಕ್ಕೋ ಹೋದಾಗ ಅರ್ಧ ಗಂಟೆ ಅವರ ಜಗಲಿ ಮೇಲೆ ಕೂತು, ಫೋನಲ್ಲಿ ರೆಕಾರ್ಡ್ ಒತ್ತಿ, "ಅಜ್ಜ, ಮಣ್ಣಿನ ಹದ ಹೆಂಗೆ ನೋಡ್ತಿದ್ರಿ?" ಅಂತ ಕೇಳಿ. ಅದರಿಂದ ಯಾರೂ ನಾಳೆಯೇ ಮನೆ ಕಟ್ಟೋಲ್ಲ. ಆರ್ಥರ್‌ನ ಚರ್ಚು ಕಟ್ಟಿದವರೂ 2015ರ ನಿಯಮಾವಳಿಗೆ ಅಂತ ಕಟ್ಟಿರಲಿಲ್ಲ. ಅವರಿಗೆ ಆ ಚಳಿಗಾಲಕ್ಕೊಂದು ಗೋಡೆ ಬೇಕಿತ್ತು. ಅದು ಬೇರೆಯವರಿಗೂ ಉಪಯೋಗಕ್ಕೆ ಬಂದದ್ದು, ಹೇಗೆ ಕಟ್ಟಿದಿರಿ ಅಂತ ಒಬ್ಬ ಹೋಗಿ ಕೇಳಿದ್ದರಿಂದ.